ಪಡಿತರದಲ್ಲಿ ಆಯ್ಕೆ

ಸರ್ಕಾರವೋ ಸಂಘಸಂಸ್ಥೆಯೋ ಊರಿನವರೇ ಕೂಡಿಯೋ ಕೊಡುವ ಆಹಾರದ ನೆರವಿನಲ್ಲಿ ಯಾವ ಕಾಳು, ಯಾವ ಬೇಳೆ, ಎಷ್ಟು, ಯಾವ ಅಂಗಡಿಯಿಂದ ಎಂಬುದನ್ನು ಪಡೆಯುವವರೇ ತೀರ್ಮಾನಿಸುವ ಏರ್ಪಾಡು. ಅಮೆರಿಕ ಮತ್ತು ಯುರೋಪಿನ ಆಹಾರ ಬ್ಯಾಂಕುಗಳಲ್ಲಿ ಇದು ಇತ್ತೀಚಿನ ದಶಕಗಳಲ್ಲಿ ಬಲವಾಗಿ ಬೇರೂರಿದೆ: ಕಟ್ಟಿಟ್ಟ ಚೀಲವನ್ನು ಕೈಗೆ ಕೊಡುವ ಬದಲು ಅಂಗಡಿಯಂತೆ ಸಾಲಾಗಿ ಜೋಡಿಸಿದ ದಿನಸಿಯಲ್ಲಿ ಬೇಕಾದ್ದನ್ನು ಜನರೇ ತೆಗೆದುಕೊಳ್ಳುತ್ತಾರೆ. ಕರ್ನಾಟಕದ ಹಳ್ಳಿಗಳಲ್ಲಿ ಆ ಕೆಲಸವನ್ನು ನ್ಯಾಯಬೆಲೆ ಅಂಗಡಿ, ಶಾಲೆಯ ಬಿಸಿಯೂಟ ಮತ್ತು ಗಿರಿಜನರ ಪೌಷ್ಟಿಕ ಆಹಾರದ ಕಿಟ್ಟು ಮಾಡುತ್ತಿವೆ. ಆದ್ದರಿಂದ ನಮ್ಮಲ್ಲಿ ಆಯ್ಕೆಯ ಪ್ರಶ್ನೆ ಎಂದರೆ ಮೊದಲಿಗೆ ಪಡಿತರದ ಪ್ರಶ್ನೆ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಹಂಪಾಪುರ ಹೋಬಳಿಯನ್ನೂ ಅದರ ನೆರೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಸೀಮೆಯನ್ನೂ ಕಣ್ಣಮುಂದೆ ಇಟ್ಟುಕೊಂಡು ಈ ವಿಷಯವನ್ನು ಇಲ್ಲಿ ನೋಡಲಾಗಿದೆ.

ಪದ ಮತ್ತು ಹಿನ್ನೆಲೆ

ಪಡಿ ಎಂದರೆ ಅಳತೆ. ಅಳೆದು ಕೊಡುವ ದಿನಸಿಗೂ ಪಡಿ ಎಂದೇ ಹೆಸರು. ದೇವಸ್ಥಾನಗಳಲ್ಲಿ ನೈವೇದ್ಯಕ್ಕೆ ಇಷ್ಟು ಅಕ್ಕಿ, ದೀಪಕ್ಕೆ ಇಷ್ಟು ಎಣ್ಣೆ ಎಂದು ದಿನಕ್ಕೆ ಗೊತ್ತುಮಾಡಿದ ಸಾಮಗ್ರಿಯನ್ನು ಪಡಿತರ ಎನ್ನುತ್ತಿದ್ದರು. ಆ ಪದವೇ ಮುಂದೆ ರೇಷನ್ನಿಗೆ ಕನ್ನಡವಾಯಿತು. ಅಳೆಯುವವರು ಒಬ್ಬರು, ಪಡೆಯುವವರು ಇನ್ನೊಬ್ಬರು ಎಂಬ ಕಟ್ಟಳೆ ಆ ಪದದ ಒಳಗೇ ಇದೆ. ಪಡೆಯುವವರ ಇಷ್ಟಾನಿಷ್ಟಕ್ಕೆ ಅದರಲ್ಲಿ ಜಾಗವಿಲ್ಲ.

ಎರಡನೆಯ ಮಹಾಯುದ್ಧದ ಕಾಲದ ಅಭಾವ ಮತ್ತು 1943ರ ಬಂಗಾಳದ ಕ್ಷಾಮದಿಂದ ಬಲಗೊಂಡ ರೇಷನ್ ವ್ಯವಸ್ಥೆ ಮೊದಲಿಗೆ ನಗರಗಳದ್ದಾಗಿತ್ತು. 1965ರಲ್ಲಿ ಭಾರತ ಆಹಾರ ನಿಗಮ ಸ್ಥಾಪನೆಯಾದ ಮೇಲೆ ದೇಶದ ಗೋದಾಮುಗಳು ತುಂಬತೊಡಗಿದವು. ನಿಗಮ ಹೆಚ್ಚಾಗಿ ಕೊಂಡದ್ದು ಗೋಧಿ ಮತ್ತು ಅಕ್ಕಿ, ಹಾಗಾಗಿ ಹಂಚಿದ್ದೂ ಅವನ್ನೇ. ಮುದ್ದೆ ಉಣ್ಣುವ ಸೀಮೆಗೂ ಜೋಳದ ರೊಟ್ಟಿ ತಟ್ಟುವ ಸೀಮೆಗೂ ಒಂದೇ ಲಾರಿ ಬಂತು. 1997ರ ಜೂನ್‌ನಲ್ಲಿ ಬಡತನದ ರೇಖೆಯನ್ನು ಆಧರಿಸಿದ ಪಡಿತರ, 2000ದ ಡಿಸೆಂಬರಿನಲ್ಲಿ ಅಂತ್ಯೋದಯ ಅನ್ನ ಯೋಜನೆ, 2013ರಲ್ಲಿ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಜಾರಿಯಾದವು. ಈ ಕಾಯ್ದೆಯು ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೆ ತಿಂಗಳಿಗೆ 5 ಕೆ.ಜಿ., ಅಂತ್ಯೋದಯ ಕುಟುಂಬಕ್ಕೆ ಒಟ್ಟು 35 ಕೆ.ಜಿ. ಧಾನ್ಯವನ್ನು ಹಕ್ಕಾಗಿ ಕೊಟ್ಟಿತು. ಅಕ್ಕಿ ಕೆ.ಜಿ.ಗೆ 3 ರೂಪಾಯಿ, ಗೋಧಿ 2 ರೂಪಾಯಿ, ರಾಗಿ ಜೋಳದಂಥವು 1 ರೂಪಾಯಿ ಎಂದು ಬೆಲೆಯೂ ನಿಗದಿಯಾಯಿತು. 2023ರ ಜನವರಿಯಿಂದ ಈ ಧಾನ್ಯ ಉಚಿತ. ಮನೆಯ ಹಿರಿಯ ಹೆಣ್ಣುಮಗಳೇ ಕಾರ್ಡಿನ ಮಟ್ಟಿಗೆ ಕುಟುಂಬದ ಮುಖ್ಯಸ್ಥೆ ಎಂದು ಕಾಯ್ದೆಯ 13ನೇ ಕಲಂ ಹೇಳುತ್ತದೆ. ಅಡುಗೆಯನ್ನು ನಿಭಾಯಿಸುವವಳ ಹೆಸರಿಗೆ ಕಾರ್ಡು ಬಂತು, ಆದರೆ ಕಾರ್ಡಿನಲ್ಲಿ ಯಾವ ಧಾನ್ಯ ಸಿಗಬೇಕು ಎಂದು ಅವಳನ್ನು ಕೇಳುವ ಕಲಂ ಬರಲಿಲ್ಲ.

ಕರ್ನಾಟಕದಲ್ಲಿ 2013ರ ಜುಲೈ 10ರಂದು ಅನ್ನಭಾಗ್ಯ ಆರಂಭವಾಯಿತು. ಮೊದಲಿಗೆ ಬಡ ಕುಟುಂಬಕ್ಕೆ ಕೆ.ಜಿ.ಗೆ 1 ರೂಪಾಯಿಯಂತೆ ಗರಿಷ್ಠ 30 ಕೆ.ಜಿ. ಅಕ್ಕಿ, 2015ರ ಮೇ ತಿಂಗಳಿಂದ ಅದೇ ಅಕ್ಕಿ ಉಚಿತ. ರಾಜ್ಯದ ಸುಮಾರು 4 ಕೋಟಿ ಜನರ ಮನೆಯ ಒಲೆಗೆ ತಲುಪುವ ಯೋಜನೆ ಇದು. ಹಸಿವನ್ನು ಇದು ಕಣ್ಣಿಗೆ ಕಾಣುವಷ್ಟು ತಗ್ಗಿಸಿತು, ಕೂಲಿಗೆ ಹೋಗುವವರಿಗೆ ಕೂಲಿಯ ದರವನ್ನು ಕೇಳಿ ಮಾತಾಡುವ ಬಲ ಕೊಟ್ಟಿತು. ಆಯ್ಕೆಯ ಮಾತನ್ನು ಈ ಸಾಧನೆಯನ್ನು ಮರೆತು ಆಡಬಾರದು.

ಹಂಪಾಪುರ ಸೀಮೆ

ಹಂಪಾಪುರ ಮೈಸೂರಿನಿಂದ ಹೆಗ್ಗಡದೇವನಕೋಟೆಯ, ಜನರ ಮಾತಿನಲ್ಲಿ ಕೋಟೆಯ, ಮೂಲಕ ಮಾನಂದವಾಡಿಗೆ ಹೋಗುವ ದಾರಿಯಲ್ಲಿರುವ ಹೋಬಳಿ ಕೇಂದ್ರ. ಸುತ್ತಲ ಹೊಲಗಳು ಒಂದು ಕಾಲಕ್ಕೆ ರಾಗಿಯವು. ಸಾಲಿನ ನಡುವೆ ಅಕ್ಕಡಿಯಾಗಿ ಅವರೆ, ಅಲಸಂದೆ, ಹುಚ್ಚೆಳ್ಳು. ಕಣದಿಂದ ಬಂದ ರಾಗಿಯನ್ನು ನೆಲದಡಿಯ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಹುಳ ಮುಟ್ಟುತ್ತಿರಲಿಲ್ಲ. ಬರಗಾಲದಲ್ಲಿ ಹಗೇವು ತೆಗೆದವರ ಮನೆಯ ಮುಂದೆ ಊರೇ ನಿಲ್ಲುತ್ತಿತ್ತು; ಸುಗ್ಗಿಗೆ ಹಿಂದಿರುಗಿಸುವ ಮಾತಿನ ಮೇಲೆ ಕೊಳಗದಲ್ಲಿ ಅಳೆದು ಕಡ ಕೊಡುತ್ತಿದ್ದರು. ಈಗ ಕೋಟೆಯ ಕಡೆ ಹತ್ತಿ, ಹುಣಸೂರು ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು, ಎಲ್ಲೆಡೆ ಮುಸುಕಿನ ಜೋಳ ಮತ್ತು ಶುಂಠಿ ಹರಡಿವೆ. ರೊಕ್ಕದ ಬೆಳೆ ಬಂದ ಹೊಲದ ಒಡೆಯನೂ ಊಟದ ಕಾಳಿಗೆ ಅಂಗಡಿಯನ್ನೇ ನೋಡಬೇಕು. ಭೂಮಿಯಿಲ್ಲದ ಮನೆಗಂತೂ ಸೊಸೈಟಿಯೇ ಹಗೇವು.

ಇಲ್ಲಿ ನ್ಯಾಯಬೆಲೆ ಅಂಗಡಿಯನ್ನು ಯಾರೂ ಆ ಹೆಸರಿನಿಂದ ಕರೆಯುವುದಿಲ್ಲ. ಅದು ‘ಸೊಸೈಟಿ’, ಅಲ್ಲಿಂದ ಬಂದದ್ದು ‘ಸೊಸೈಟಿ ಅಕ್ಕಿ’. ಬೆರಳಿಟ್ಟು ಯಂತ್ರ ಒಪ್ಪಿಕೊಂಡ ಮೇಲೆ ತಕ್ಕಡಿಯಿಂದ ನೇರ ಚೀಲಕ್ಕೆ ಸುರಿದ ಆ ಅಕ್ಕಿ ಮನೆಗೆ ಬಂದಮೇಲೆ ಏನಾಗುತ್ತದೆ ಎಂಬುದನ್ನು ನೋಡಿದರೆ ಆಯ್ಕೆ ಎಂಬ ಮಾತಿನ ಅರ್ಥ ತಿಳಿಯುತ್ತದೆ. ಮೊರದಲ್ಲಿ ಕೇರಿ ನುಚ್ಚನ್ನು ಒಂದು ಕಡೆ, ಕಲ್ಲನ್ನು ಒಂದು ಕಡೆ ಮಾಡುತ್ತಾರೆ. ಗಟ್ಟಿ ಅಕ್ಕಿಯಲ್ಲಿ ಒಂದಷ್ಟನ್ನು ಇಡ್ಲಿ ದೋಸೆಗೆ ನೆನೆಹಾಕಲು ಎತ್ತಿಡುತ್ತಾರೆ, ಒಂದಷ್ಟನ್ನು ರೊಟ್ಟಿ ಹಿಟ್ಟಿಗೆ ಮಿಲ್ಲಿಗೆ ಕಳಿಸುತ್ತಾರೆ, ನುಚ್ಚು ಕೋಳಿಗೆ. ನೆಂಟರು ಬಂದ ದಿನದ ಅನ್ನಕ್ಕೆ ಅಂಗಡಿಯಿಂದ ಸಣ್ಣಕ್ಕಿ ತರುತ್ತಾರೆ. ಮಿಕ್ಕ ಅಕ್ಕಿ ಕೆಲವು ಮನೆಗಳಲ್ಲಿ ಬಾಗಿಲಿಗೆ ಬರುವ ವ್ಯಾಪಾರಿಯ ಚೀಲ ಸೇರುತ್ತದೆ. ಪಡಿತರದ ಅಕ್ಕಿ ಮಾರುವುದು ಅಪರಾಧ. ಅದನ್ನು ಮಾರುವ ಹೆಂಗಸಿಗೆ ಸಿಗುವ ಹಣವೂ ಸರ್ಕಾರ ಆ ಅಕ್ಕಿಗೆ ತೆತ್ತದ್ದಕ್ಕಿಂತ ಎಷ್ಟೋ ಕಡಿಮೆ. ಆ ಹಣದಲ್ಲಿ ಅವಳು ಬೇಳೆ, ಎಣ್ಣೆ, ಮಕ್ಕಳಿಗೆ ಮೊಟ್ಟೆ ತರುತ್ತಾಳೆ. ಇದನ್ನು ಸೋರಿಕೆ ಎಂದು ಮಾತ್ರ ಲೆಕ್ಕಕ್ಕೆ ಹಿಡಿಯುವುದು ತಪ್ಪು. ವ್ಯವಸ್ಥೆ ಕೊಡದ ಆಯ್ಕೆಯನ್ನು ಬಡವರು ನಷ್ಟ ತೆತ್ತು, ಕಾನೂನಿನ ಹೆದರಿಕೆ ಹೊತ್ತು ತಾವೇ ಮಾಡಿಕೊಳ್ಳುತ್ತಿದ್ದಾರೆ. ಆಯ್ಕೆ ಕೊಡಬೇಕೇ ಬೇಡವೇ ಎಂಬ ಚರ್ಚೆ ಆರಂಭವಾಗಬೇಕಾದದ್ದು ಈ ಮೊರದ ಮುಂದೆ.

ರಾಗಿಯ ವಿಷಯ ಇನ್ನೂ ಬಿಡಿಸಿ ಹೇಳುವಂಥದ್ದು. ಹಳೇ ಮೈಸೂರಿನ ದುಡಿಯುವ ಜನಕ್ಕೆ ಹೊಟ್ಟೆ ನಿಲ್ಲುವುದು ಮುದ್ದೆಯಿಂದ. ಮಂಡ್ಯದ ವಿ.ಸಿ. ಫಾರಂನಲ್ಲಿ ಭಾರತದ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ ‘ರಾಗಿ’ ಲಕ್ಷ್ಮಣಯ್ಯನವರು ಈ ನಾಡಿನವರೇ. ಹಾಗಿದ್ದೂ ಪಡಿತರದಲ್ಲಿ ರಾಗಿ ಕಾಣಿಸಿಕೊಂಡದ್ದು ಬಹಳ ತಡವಾಗಿ. ರಾಜ್ಯ ಸರ್ಕಾರ ಬೆಂಬಲ ಬೆಲೆಗೆ ರೈತರಿಂದ ರಾಗಿ ಕೊಂಡು ಮೈಸೂರು, ಮಂಡ್ಯ, ತುಮಕೂರು, ಕೋಲಾರದಂಥ ದಕ್ಷಿಣದ ಜಿಲ್ಲೆಗಳಲ್ಲಿ ಅಕ್ಕಿಯ ಒಂದು ಪಾಲಿನ ಬದಲು ಹಂಚತೊಡಗಿತು. ಉತ್ತರದ ಜಿಲ್ಲೆಗಳಿಗೆ ಅದೇ ರೀತಿ ಬಿಳಿಜೋಳ. ರಾಗಿಯ ಬೆಂಬಲ ಬೆಲೆ 2023-24ರಲ್ಲಿ ಕ್ವಿಂಟಾಲಿಗೆ 3,846 ರೂಪಾಯಿ ಇದ್ದದ್ದು 2025-26ಕ್ಕೆ 4,886 ರೂಪಾಯಿಗೆ ಏರಿದೆ. ಬೆಳೆಯುವವನ ಹೊಲವೂ ಉಣ್ಣುವವನ ತಟ್ಟೆಯೂ ಒಂದೇ ಜಿಲ್ಲೆಯಲ್ಲಿರುವ ಏರ್ಪಾಡು ಇದು. ಈ ಲೇಖಕನ ಅಭಿಪ್ರಾಯದಲ್ಲಿ ರಾಜ್ಯದ ಪಡಿತರ ಇಟ್ಟ ಅತ್ಯಂತ ವಿವೇಕದ ಹೆಜ್ಜೆ.

ಹಾಗಿದ್ದರೂ ಇದು ಆಯ್ಕೆಯಲ್ಲ. ಈ ತಿಂಗಳು ರಾಗಿ ಎಷ್ಟು, ಅಕ್ಕಿ ಎಷ್ಟು ಎಂಬುದು ಗೋದಾಮಿನ ದಾಸ್ತಾನು ನೋಡಿ ಮೇಲಿನಿಂದ ಇಳಿದು ಬರುವ ಆದೇಶ. 2021ರಲ್ಲಿ ಅಕ್ಕಿ ಕಡಿಮೆ ಮಾಡಿ ರಾಗಿ, ಜೋಳ ಹೆಚ್ಚು ಕೊಡಲು ಹೊರಟಾಗ ಎದ್ದ ಅಸಮಾಧಾನವನ್ನು ಜನ ರಾಗಿಯನ್ನು ತಿರಸ್ಕರಿಸಿದರು ಎಂದು ಓದಬಾರದು. ಮನೆಯಲ್ಲಿ ರಾಗಿ ಬೆಳೆದವನಿಗೆ ಅಕ್ಕಿ ಬೇಕಿತ್ತು. ಹೊಗೆಸೊಪ್ಪು ಹಾಕಿದವನಿಗೆ ರಾಗಿ ಬೇಕಿತ್ತು. ಹಲ್ಲಿಲ್ಲದ ಅಜ್ಜಿಗೆ ಮುದ್ದೆ, ಮೊಮ್ಮಗನಿಗೆ ಅನ್ನ. ಒಂದೇ ಬೀದಿಯ ನಾಲ್ಕು ಮನೆಗಳಿಗೆ ನಾಲ್ಕು ಅಗತ್ಯ. ಅಂಗಡಿಯಲ್ಲಿ ಎರಡೂ ಮೂಟೆ ಇದ್ದು, ‘ನಿಮಗೆ ಯಾವುದು ಎಷ್ಟು ಕೊಡಲಿ, ಅಕ್ಕಾ?’ ಎಂದು ಕೇಳಿದರೆ ಸಾಕಿತ್ತು.

ಅಂಗಡಿಯ ಆಯ್ಕೆ ಮಾತ್ರ ನಿಜಕ್ಕೂ ದಕ್ಕಿದೆ. ಛತ್ತೀಸಗಡದ ರಾಯಪುರದಲ್ಲಿ 2012ರಲ್ಲಿ ಕಾರ್ಡುದಾರರು ತಮಗೆ ಬೇಕಾದ ಅಂಗಡಿಯಲ್ಲಿ ಪಡಿತರ ಪಡೆಯುವ ವ್ಯವಸ್ಥೆ ಬಂದಿತ್ತು. ಅದನ್ನು ಅಲ್ಲಿ ‘ಮೇರಿ ಮರ್ಜಿ’ ಎಂದು ಕರೆದರು. ತೂಕದಲ್ಲಿ ಮೋಸ ಮಾಡುವವನನ್ನು ಬಿಟ್ಟು ಪಕ್ಕದ ಅಂಗಡಿಗೆ ಹೋಗುವ ಸ್ವಾತಂತ್ರ್ಯ ಅದು. ಈಗ ಕರ್ನಾಟಕದಲ್ಲೂ ಯಾವ ಊರಿನ ಅಂಗಡಿಯಲ್ಲಾದರೂ ಧಾನ್ಯ ಪಡೆಯಬಹುದು. 2019ರಲ್ಲಿ ಆರಂಭವಾದ ಒಂದು ದೇಶ ಒಂದು ಪಡಿತರ ಚೀಟಿ ಯೋಜನೆ ಇದನ್ನು ರಾಜ್ಯದ ಗಡಿ ದಾಟಿಸಿತು. ಕೋಟೆ, ಹುಣಸೂರಿನಿಂದ ಕಾಫಿ ಕೊಯ್ಲಿಗೆ ಕೊಡಗಿಗೆ, ಶುಂಠಿ ಕೆಲಸಕ್ಕೆ ವಯನಾಡಿಗೆ ಹೋಗುವ ಕುಟುಂಬಗಳಿಗೆ ಇದರ ಬೆಲೆ ಗೊತ್ತು. ಮೊದಲೆಲ್ಲ ತಿಂಗಳ ಅಕ್ಕಿಗಾಗಿ ಒಬ್ಬರು ಕೂಲಿ ಬಿಟ್ಟು ಊರಿಗೆ ಬಂದು ಹೋಗಬೇಕಿತ್ತು.

ಅಕ್ಕಿಗೆ ಬದಲು ಹಣ, ಮತ್ತೆ ಅಕ್ಕಿ

2023ರಲ್ಲಿ ರಾಜ್ಯದ ಹೊಸ ಸರ್ಕಾರ ಪ್ರತಿಯೊಬ್ಬರಿಗೆ ಹೆಚ್ಚುವರಿಯಾಗಿ 5 ಕೆ.ಜಿ. ಅಕ್ಕಿ ಕೊಡುವುದಾಗಿ ಹೇಳಿತ್ತು. ಆ ಜೂನ್‌ನಲ್ಲಿ ಕೇಂದ್ರ ಸರ್ಕಾರ ಆಹಾರ ನಿಗಮದ ಅಕ್ಕಿಯನ್ನು ಮುಕ್ತ ಮಾರುಕಟ್ಟೆ ಯೋಜನೆಯಡಿ ರಾಜ್ಯಗಳಿಗೆ ಮಾರುವುದನ್ನು ನಿಲ್ಲಿಸಿದ್ದರಿಂದ ಅಷ್ಟು ಅಕ್ಕಿ ಸಿಗಲಿಲ್ಲ. ಕೆ.ಜಿ.ಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿಯನ್ನು ಕುಟುಂಬದ ಮುಖ್ಯಸ್ಥರ ಬ್ಯಾಂಕ್ ಖಾತೆಗೆ ಹಾಕುವ ಕ್ರಮ ಜುಲೈ 10ರಂದು ಆರಂಭವಾಯಿತು. ನಾಲ್ಕು ಜನರ ಮನೆಗೆ ತಿಂಗಳಿಗೆ 680 ರೂಪಾಯಿ. ಯಾರೂ ಯೋಜಿಸದೆ, ಅಕ್ಕಿಯ ಅಭಾವದಿಂದಲೇ, ಕರ್ನಾಟಕ ದೇಶದ ದೊಡ್ಡ ಆಯ್ಕೆಯ ಪ್ರಯೋಗವೊಂದನ್ನು ಮಾಡಿದಂತಾಯಿತು.

ಹಣವೇ ಎಲ್ಲಕ್ಕಿಂತ ಪೂರ್ಣವಾದ ಆಯ್ಕೆ ಎನ್ನುವ ಅರ್ಥಶಾಸ್ತ್ರಜ್ಞರಿದ್ದಾರೆ. ಬೇಳೆಗೂ ಆಗುತ್ತದೆ, ಗ್ಯಾಸಿಗೂ ಆಗುತ್ತದೆ, ಮಗುವಿನ ಔಷಧಕ್ಕೂ ಆಗುತ್ತದೆ. ಈ ಮಾತು ಪೇಟೆಯ ಅಂಚಿನಲ್ಲಿರುವ ಮನೆಗೆ ಒಪ್ಪುತ್ತದೆ. ಹಂಪಾಪುರದ ಮುಖ್ಯರಸ್ತೆಯಲ್ಲಿ ಇಳಿದವರಿಗೆ ಕಿರಾಣಿ ಅಂಗಡಿ ಎದುರಿಗೇ ಇದೆ. ಕಾಡಂಚಿನ ಹಾಡಿಯವರಿಗೆ ಬ್ಯಾಂಕಿಗೆ ಒಂದು ದಿನದ ಕೂಲಿ, ಅಂಗಡಿಗೆ ಇನ್ನೊಂದು ಬಸ್ಸು. ಅರ್ಥಶಾಸ್ತ್ರಜ್ಞೆ ರೀತಿಕಾ ಖೇರಾ ಮತ್ತು ಸಂಗಡಿಗರು 2011ರಲ್ಲಿ ಒಂಬತ್ತು ರಾಜ್ಯಗಳ 1,200ಕ್ಕೂ ಹೆಚ್ಚು ಮನೆಗಳಲ್ಲಿ ಧಾನ್ಯ ಬೇಕೋ ಹಣ ಬೇಕೋ ಎಂದು ಕೇಳಿದಾಗ ಮೂರರಲ್ಲಿ ಎರಡು ಪಾಲು ಜನ ಧಾನ್ಯವೇ ಇರಲಿ ಎಂದರು. ಅಂಗಡಿ ಸರಿಯಾಗಿ ನಡೆಯುತ್ತಿದ್ದ ರಾಜ್ಯಗಳಲ್ಲಿ ಧಾನ್ಯದ ಕಡೆ ಒಲವು ಹೆಚ್ಚು. ಪಡಿತರ ಕುಸಿದಿದ್ದ ಬಿಹಾರದಲ್ಲಿ ಹಣ ಕೇಳಿದವರು ಹೆಚ್ಚು. ಬೆಲೆ ಏರಿದರೆ ಹಣ ಸಾಲದು, ಕೈಗೆ ಬಂದ ಹಣ ಬೇರೆ ಕಡೆ ಹರಿದುಹೋಗುತ್ತದೆ, ಪೇಟೆ ದೂರ ಎಂಬುವು ಅವರ ಕಾರಣಗಳು.

ಚಂಡೀಗಢ ಮತ್ತು ಪುದುಚೇರಿಗಳಲ್ಲಿ 2015ರ ಸೆಪ್ಟೆಂಬರಿನಲ್ಲೇ ಧಾನ್ಯದ ಬದಲು ಹಣ ಕೊಡುವ ಕ್ರಮ ಆರಂಭವಾಗಿತ್ತು. ಎರಡೂ ಬಹುಮಟ್ಟಿಗೆ ನಗರ ಪ್ರದೇಶಗಳು. ಜಾರ್ಖಂಡದ ರಾಂಚಿ ಬಳಿಯ ನಗಡಿಯಲ್ಲಿ 2017ರ ಅಕ್ಟೋಬರಿನಲ್ಲಿ ಹಣವನ್ನು ಖಾತೆಗೆ ಹಾಕಿ, ಅದನ್ನು ತೆಗೆದು ತಂದು ಪಡಿತರ ಅಂಗಡಿಯಲ್ಲೇ ಕೆ.ಜಿ.ಗೆ 32 ರೂಪಾಯಿ ಕೊಟ್ಟು ಅಕ್ಕಿ ಕೊಳ್ಳಬೇಕೆಂದು ಮಾಡಿದರು. ಬ್ಯಾಂಕಿನ ಸಾಲು ಒಂದು, ಅಂಗಡಿಯ ಸಾಲು ಇನ್ನೊಂದು. ಕೊಳ್ಳಬಹುದಾದದ್ದು ಅದೇ ಅಕ್ಕಿ. ಜನ ರಾಂಚಿಗೆ ಮೆರವಣಿಗೆ ಹೋದರು, 2018ರ ಆಗಸ್ಟಿನಲ್ಲಿ ಆ ಕ್ರಮ ನಿಂತಿತು. ಹಣದ ರೂಪದಲ್ಲಿ ಬಂದದ್ದೆಲ್ಲ ಆಯ್ಕೆಯಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಕರ್ನಾಟಕದಲ್ಲಿ 2025ರ ಫೆಬ್ರವರಿಯಲ್ಲಿ ಆಹಾರ ನಿಗಮದ ಅಕ್ಕಿ ಕೆ.ಜಿ.ಗೆ 22 ರೂಪಾಯಿ 50 ಪೈಸೆಗೆ ಸಿಗುವಂತಾದಾಗ ಹಣ ನಿಲ್ಲಿಸಿ ಮತ್ತೆ ಅಕ್ಕಿ ಕೊಡುವ ತೀರ್ಮಾನವಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಹೆಚ್ಚುವರಿ ಅಕ್ಕಿಯ ಬದಲು ಬೇಳೆ, ಅಡುಗೆ ಎಣ್ಣೆ, ಸಕ್ಕರೆ, ಉಪ್ಪು ಇರುವ ಇಂದಿರಾ ಆಹಾರ ಕಿಟ್ಟನ್ನು ಕೊಡಲು ಸಚಿವ ಸಂಪುಟ ಒಪ್ಪಿತು. ಬಡವರ ತಟ್ಟೆಯಲ್ಲಿ ಅನ್ನ ಇದೆ, ಬೇಳೆ ಇಲ್ಲ ಎಂಬುದನ್ನು ಸರ್ಕಾರ ಗುರುತಿಸಿದ್ದು ಒಳ್ಳೆಯದೇ. ಅಕ್ಕಿ ಮಾರಿ ಬೇಳೆ ಕೊಳ್ಳುತ್ತಿದ್ದ ಮನೆಗಳು ವರ್ಷಗಳಿಂದ ಹೇಳುತ್ತಿದ್ದದ್ದು ಇದನ್ನೇ. ಕಿಟ್ಟು ಕಟ್ಟುವ ಕೈ ಮಾತ್ರ ಬದಲಾಗಿಲ್ಲ: ತೊಗರಿಯ ಬದಲು ಹುರುಳಿ ಬೇಕು ಎನ್ನುವ ಮನೆಗೆ ಅದರಲ್ಲಿ ಉತ್ತರವಿಲ್ಲ.

ಮೊಟ್ಟೆ, ಬಾಳೆಹಣ್ಣು, ಚಿಕ್ಕಿ

ರಾಜ್ಯದಲ್ಲಿ ಪಡೆಯುವವರನ್ನೇ ಕೇಳಿ ಕೊಟ್ಟ ಆಹಾರ ಯಾವುದೆಂದರೆ ಶಾಲಾ ಮಕ್ಕಳ ಮೊಟ್ಟೆ. 2021ರ ಡಿಸೆಂಬರಿನಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ ಭಾಗದ ಶಾಲೆಗಳಲ್ಲಿ ಮಧ್ಯಾಹ್ನದ ಬಿಸಿಯೂಟದ ಜೊತೆ ಮೊಟ್ಟೆ ಕೊಡತೊಡಗಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಮೊಟ್ಟೆ ತಿನ್ನದ ಮಗು ಪಂಕ್ತಿಯಲ್ಲಿ ಬೇರೆಯಾಗುತ್ತದೆ ಎಂಬುದು ಅವರ ವಾದ. ಮೊಟ್ಟೆ ಬೇಡ ಎನ್ನುವ ಮಗುವಿಗೆ ಬಾಳೆಹಣ್ಣು ಅಥವಾ ಕಡಲೆಕಾಯಿ ಚಿಕ್ಕಿ ಎಂಬ ಪರಿಹಾರ ಬಂತು, 2022-23ರಲ್ಲಿ ಎಲ್ಲ ಜಿಲ್ಲೆಗಳಿಗೂ ವಿಸ್ತರಿಸಿತು. ಹೈಕಳು ತಾವೇ ಹೇಳಿದರು, ಶಿಕ್ಷಕರು ಬರೆದುಕೊಂಡರು. ಬಹುಪಾಲು ಮಕ್ಕಳು ಕೇಳಿದ್ದು ಮೊಟ್ಟೆಯನ್ನೇ.

ಇದರಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮಕ್ಕಳಿಗೆ ಏನು ಬೇಕು ಎಂಬುದರ ಬಗ್ಗೆ ದೊಡ್ಡವರು ವರ್ಷಗಟ್ಟಲೆ ವಾದಿಸಿದ್ದರು. ಕೇಳಿದ ಮೇಲೆ ಉತ್ತರ ಕೆಲವೇ ದಿನಗಳಲ್ಲಿ ಸಿಕ್ಕಿತು. ಮೊಟ್ಟೆ ತಿನ್ನದ ಮನೆಯ ಮಗುವಿಗೂ ತನ್ನ ಪಾಲು ತಪ್ಪಲಿಲ್ಲ, ತಿನ್ನುವ ಮಗು ತನ್ನದನ್ನು ಬಿಟ್ಟುಕೊಡಬೇಕಾಗಲಿಲ್ಲ. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ನೆರವಿಗೆ ಒಪ್ಪಿದ ಮೇಲೆ 2024ರ ಸೆಪ್ಟೆಂಬರಿನಿಂದ ವಾರದಲ್ಲಿ ಆರು ದಿನವೂ ಈ ಪೂರಕ ಆಹಾರ ಸಿಗತೊಡಗಿತು. 2025ರ ಆರಂಭದಲ್ಲಿ ಚಿಕ್ಕಿಯನ್ನು ಕೈಬಿಡಲಾಯಿತು. ಸರಿಯಾಗಿ ಶೇಖರಿಸದೆ ಕೆಡುವುದು, ಸಕ್ಕರೆ ಮತ್ತು ಕೊಬ್ಬಿನ ಅಂಶ ಕಾರಣ ಎಂದರು. ಈಗ ಉಳಿದಿರುವುದು ಮೊಟ್ಟೆ ಅಥವಾ ಬಾಳೆಹಣ್ಣು.

ಹಾಡಿಗಳು

ಹೆಗ್ಗಡದೇವನಕೋಟೆ ಮತ್ತು ಈಚೆಗೆ ಅದರಿಂದ ಬೇರೆಯಾದ ಸರಗೂರು ತಾಲ್ಲೂಕುಗಳಲ್ಲಿ ಜೇನುಕುರುಬ, ಕಾಡುಕುರುಬ, ಯರವ, ಸೋಲಿಗರ ನೂರಕ್ಕೂ ಹೆಚ್ಚು ಹಾಡಿಗಳಿವೆ. 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟು, ನಾಗರಹೊಳೆ ಮತ್ತು ಬಂಡೀಪುರದ ಅರಣ್ಯ ಕಾನೂನುಗಳು ಇವರಲ್ಲಿ ಅನೇಕರನ್ನು ಕಾಡಿನಿಂದ ಹೊರಗೆ ತಂದವು. ಹುಣಸೂರಿನ ನಾಗಾಪುರದ ಪುನರ್ವಸತಿ ಕೇಂದ್ರವೂ ಅದರ ಫಲ. ಕಾಡುಗೆಣಸು, ಜೇನು, ಅಣಬೆ, ಮಳೆಗಾಲದ ಬಿದಿರ ಕಳಲೆ, ಹತ್ತಾರು ಬಗೆಯ ಸೊಪ್ಪು ಇವರ ಊಟದಲ್ಲಿದ್ದವು. ಬಿದಿರು ಹೂಬಿಟ್ಟು ಕಟ್ಟೆ ಒಣಗುವ ವರ್ಷ ಬಿದಿರಕ್ಕಿ. ತಿಂಗಳು ತಿಂಗಳಿಗೆ ಬದಲಾಗುತ್ತಿದ್ದ ಆ ಊಟದ ಜಾಗದಲ್ಲಿ ಈಗ ವರ್ಷವಿಡೀ ಒಂದೇ ಬಗೆಯ ಅಕ್ಕಿ. ಆಯ್ಕೆ ಕಳೆದುಕೊಳ್ಳುವುದು ಎಂದರೆ ಏನು ಎಂದು ಈ ಜನಕ್ಕಿಂತ ಚೆನ್ನಾಗಿ ಬಲ್ಲವರು ಜಿಲ್ಲೆಯಲ್ಲಿ ಇಲ್ಲ.

ಮಳೆಗಾಲದಲ್ಲಿ ಕೂಲಿ ಇಲ್ಲದ ತಿಂಗಳುಗಳಿಗೆಂದು ಆರಂಭವಾದ, ಜೇನುಕುರುಬ, ಕೊರಗ ಮುಂತಾದ ಸಮುದಾಯಗಳಿಗೆ ಪೌಷ್ಟಿಕ ಆಹಾರದ ಕಿಟ್ಟು ಕೊಡುವ ಯೋಜನೆಯನ್ನು ಪರಿಶಿಷ್ಟ ವರ್ಗಗಳ ಕಲ್ಯಾಣ ಇಲಾಖೆ ನಡೆಸುತ್ತದೆ. ಅಕ್ಕಿ ಅಥವಾ ರಾಗಿ, ತೊಗರಿಬೇಳೆ, ಹೆಸರು ಹುರುಳಿಯಂಥ ಕಾಳು, ಬೆಲ್ಲ, ಎಣ್ಣೆ, ಮೊಟ್ಟೆ, ನಂದಿನಿ ತುಪ್ಪ ಅದರಲ್ಲಿರುತ್ತವೆ. ಪಡಿತರಕ್ಕಿಂತ ಇದು ಎಷ್ಟೋ ತುಂಬಿದ ಚೀಲ. ಗಿರಿಜನರ ವಿವಿಧೋದ್ದೇಶ ಸಹಕಾರ ಸಂಘಗಳು, ಅಂದರೆ ಎಲ್ಲರ ಬಾಯಲ್ಲಿ ‘ಲ್ಯಾಂಪ್ಸ್’, ಕೋಟೆಯಲ್ಲೂ ಹುಣಸೂರಿನಲ್ಲೂ ಇವೆ. ಜೇನು, ಸೀಗೆ, ನೆಲ್ಲಿಯಂಥ ಕಿರು ಅರಣ್ಯ ಉತ್ಪನ್ನಗಳನ್ನು ಕೊಳ್ಳುವ ಕೆಲಸ ಇವುಗಳದ್ದು. ಹಾಡಿಯ ಹೆಂಗಸರೇ ಕೂತು ಕಿಟ್ಟಿನಲ್ಲಿ ಏನಿರಬೇಕು ಎಂದು ಹೇಳಲು ಇಂಥ ಸಂಘಕ್ಕಿಂತ ತಕ್ಕ ಜಾಗ ಬೇರೆ ಹುಡುಕಬೇಕಿಲ್ಲ.

ಇಲ್ಲಿ ಆಯ್ಕೆಗೆ ಆರೋಗ್ಯದ ಮುಖವೂ ಇದೆ. ಈ ಭಾಗದ ಗಿರಿಜನರಲ್ಲಿ ಕುಡಗೋಲು ಕಣ ರಕ್ತಹೀನತೆ ಕಾಣಿಸಿಕೊಳ್ಳುತ್ತದೆ. ಕಬ್ಬಿಣ, ಫೋಲಿಕ್ ಆಮ್ಲ, ಬಿ-12 ಸೇರಿಸಿದ ಸಾರವರ್ಧಿತ ಅಕ್ಕಿ ಈಗ ಪಡಿತರದಲ್ಲೆಲ್ಲ ಬರುತ್ತದೆ; ನೂರು ಕಾಳಿಗೆ ಒಂದರಂತೆ ಬೆರೆಸಿದ ಆ ಕಾಳುಗಳು ಬಣ್ಣದಲ್ಲಿ ತುಸು ಬೇರೆ ಕಾಣುವುದರಿಂದ ಜನ ಅದನ್ನು ‘ಪ್ಲಾಸ್ಟಿಕ್ ಅಕ್ಕಿ’ ಎಂದು ಶಂಕಿಸಿ ಆರಿಸಿ ಎಸೆಯುವುದುಂಟು. ಶಂಕೆಗೆ ಆಧಾರವಿಲ್ಲ. ಆದರೆ 2018ರ ನಿಯಮಗಳು ಕಬ್ಬಿಣ ಸೇರಿಸಿದ ಆಹಾರದ ಮೇಲೆ ಕುಡಗೋಲು ಕಣ ಕಾಯಿಲೆಯವರಿಗೆ ಎಚ್ಚರಿಕೆ ಬರೆಯಬೇಕೆಂದಿದ್ದವು. ಅದು ಬೇಕಿಲ್ಲವೆಂದು ಆಮೇಲೆ ತಜ್ಞರ ಸಮಿತಿಯೊಂದು ಹೇಳಿತು. ತಜ್ಞರ ಮಾತು ಸರಿಯಾಗಿಯೇ ಇರಬಹುದು. ಚೀಲದಲ್ಲಿ ಏನಿದೆ, ಏಕಿದೆ ಎಂದು ಹಾಡಿಯಲ್ಲಿ ಕೂತು ಬಿಡಿಸಿ ಹೇಳುವುದು, ಬೇಡ ಎನ್ನುವವರಿಗೆ ರಾಗಿ ಕೊಡುವುದು ಆಗಲೂ ಸರ್ಕಾರದ ಹೊಣೆಯೇ.

ಹೊರಗಿನ ಅನುಭವ

ಜಗತ್ತಿನ ಮೊದಲ ಆಹಾರ ಬ್ಯಾಂಕ್ ಎನಿಸಿದ ಸೇಂಟ್ ಮೇರೀಸ್ 1967ರಲ್ಲಿ ಅಮೆರಿಕದ ಫೀನಿಕ್ಸ್‌ನಲ್ಲಿ ಆರಂಭವಾಯಿತು. ದಶಕಗಳ ಕಾಲ ಇಂಥ ಬ್ಯಾಂಕುಗಳು ಕೊಟ್ಟದ್ದು ಕಟ್ಟಿದ ಚೀಲವನ್ನೇ. ಸಕ್ಕರೆ ಕಾಯಿಲೆಯವರಿಗೆ ಸಿಹಿ ಡಬ್ಬಿ, ಹಂದಿಮಾಂಸ ಮುಟ್ಟದವರಿಗೆ ಅದೇ ಡಬ್ಬಿ, ಒಲೆಯಿಲ್ಲದವರಿಗೆ ಒಣ ಹುರುಳಿಕಾಯಿ ಬೀಜ ಹೋದದ್ದರಿಂದ ಬಹಳಷ್ಟು ವ್ಯರ್ಥವಾಯಿತು. ಈಗ ಅನೇಕ ಕಡೆ ಮನೆಮಂದಿಯ ಲೆಕ್ಕಕ್ಕೆ ಇಷ್ಟು ಅಂಕ ಕೊಟ್ಟು, ಅಥವಾ ಕಾಳಿನಲ್ಲಿ ಇಷ್ಟು, ತರಕಾರಿಯಲ್ಲಿ ಇಷ್ಟು ಎಂದು ಮಿತಿ ಹಾಕಿ ಜನರನ್ನೇ ಒಳಗೆ ಬಿಡುತ್ತಾರೆ. ಆಸ್ಟ್ರಿಯದ ಲಿಂಟ್ಸ್‌ನಲ್ಲಿ 1999ರಲ್ಲಿ ಬಡವರಿಗೆಂದೇ ತುಂಬ ಕಡಿಮೆ ಬೆಲೆಯ ಅಂಗಡಿ ತೆರೆದರು. ಅಲ್ಲಿ ಕೊಳ್ಳುವವರು ಗಿರಾಕಿಗಳು, ಸಾಲಿನಲ್ಲಿ ಕೈಯೊಡ್ಡಿ ನಿಂತವರಲ್ಲ. ಫಿಲಿಪ್ಪೀನ್ಸ್‌ನ ಕೆಸೋನ್ ನಗರದ ಮಗಿನ್ಹಾವ ಬೀದಿಯಲ್ಲಿ 2021ರ ಏಪ್ರಿಲ್‌ನಲ್ಲಿ ಒಂದು ತಳ್ಳುಗಾಡಿ, ಕೈಬರಹದ ಒಂದು ಫಲಕ ಇಟ್ಟು ಆದಷ್ಟು ಕೊಡಿ, ಬೇಕಾದಷ್ಟು ಒಯ್ಯಿರಿ ಎಂದದ್ದು ದಿನಗಳಲ್ಲಿ ದೇಶವಿಡೀ ಹಬ್ಬಿತು.

ಅಮೆರಿಕದ ಫೀಡಿಂಗ್ ಅಮೆರಿಕ ಸಂಸ್ಥೆಯ ಅನುಭವ ಗೋದಾಮಿನ ಮಟ್ಟದಲ್ಲೂ ಆಯ್ಕೆ ಎಷ್ಟು ಮುಖ್ಯ ಎಂದು ತೋರಿಸುತ್ತದೆ. ಮೊದಲೆಲ್ಲ ಸರದಿ ಬಂದ ಬ್ಯಾಂಕಿಗೆ ಯಾವ ಲಾರಿ ಸಿಕ್ಕಿತೋ ಅದೇ. ಆಲೂಗಡ್ಡೆ ಬೆಳೆಯುವ ಸೀಮೆಗೂ ಆಲೂಗಡ್ಡೆ ಹೋಗಬಹುದಿತ್ತು. 2005ರಲ್ಲಿ ಪ್ರತಿ ಬ್ಯಾಂಕಿಗೆ ಅದರ ಸೀಮೆಯ ಬಡತನಕ್ಕೆ ತಕ್ಕಷ್ಟು ಲೆಕ್ಕದ ಹಣ ಕೊಟ್ಟು, ದಿನವೂ ಹರಾಜಿನಲ್ಲಿ ತಮಗೆ ಬೇಕಾದ ಆಹಾರವನ್ನು ಕೂಗಿಕೊಳ್ಳುವಂತೆ ಮಾಡಿದರು. ಮಂಡ್ಯದ ಗೋದಾಮಿಗೂ ಉಡುಪಿಯ ಗೋದಾಮಿಗೂ ಒಂದೇ ಅಕ್ಕಿ ಕಳಿಸುವ ನಮಗೆ ಇದರಲ್ಲಿ ಕಲಿಯುವುದಿದೆ. ಕರಾವಳಿಯವರು ಪಡಿತರದಲ್ಲಿ ಕುಚ್ಚಲಕ್ಕಿ ಕೊಡಿ ಎಂದು ಕೇಳುತ್ತಲೇ ಬಂದಿದ್ದಾರೆ. ಗಡಿಯಾಚೆ ಕಾಸರಗೋಡಿನಲ್ಲಿ, 1956ರಿಂದ ಕೇರಳದಲ್ಲಿರುವ ಕನ್ನಡ ಕುಟುಂಬಗಳಿಗೆ, ರೇಷನ್ ಅಂಗಡಿಯಲ್ಲಿ ಕುಚ್ಚಲು ಮತ್ತು ಬೆಳ್ತಿಗೆ ಎರಡೂ ಬಗೆಯ ಅಕ್ಕಿಯನ್ನು ಕಾಣುವುದು ಹೊಸತಲ್ಲ. 1974ರಲ್ಲಿ ಸ್ಥಾಪನೆಯಾದ ಕೇರಳದ ನಾಗರಿಕ ಪೂರೈಕೆ ನಿಗಮದ ಅಂಗಡಿಗಳಲ್ಲಿ ರಿಯಾಯಿತಿ ದರದ ಬೇಳೆ, ಮೆಣಸಿನಕಾಯಿ, ಕೊಬ್ಬರಿ ಎಣ್ಣೆಯನ್ನು ಬೇಕಾದವರು ಬೇಕಾದಷ್ಟು, ಮಿತಿಯೊಳಗೆ, ಕೊಳ್ಳುತ್ತಾರೆ.

ಜಹೀರಾಬಾದ್ ಸೀಮೆಯ ಜೋಳ

ಅಂಗಡಿಯಲ್ಲಿ ಇಟ್ಟದ್ದರಲ್ಲಿ ಆರಿಸಿಕೊಳ್ಳುವುದು ಒಂದು ಹಂತ. ಅಂಗಡಿಯಲ್ಲಿ ಏನಿಡಬೇಕು, ಅದನ್ನು ಯಾರ ಹೊಲದಲ್ಲಿ ಬೆಳೆಯಬೇಕು, ಯಾರಿಗೆ ಮೊದಲು ಕೊಡಬೇಕು ಎಂಬುದನ್ನೂ ಪಡೆಯುವವರೇ ನಿರ್ಧರಿಸುವುದು ಇನ್ನೊಂದು. ಎರಡನೆಯದನ್ನು ಮಾಡಿ ತೋರಿಸಿದವರು ಬೀದರ್ ಗಡಿಗೆ ಹತ್ತಿರದ ಜಹೀರಾಬಾದ್ ಸೀಮೆಯ ದಲಿತ ಹೆಂಗಸರು. ಅವರ ಜೊತೆ ನಿಂತ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯನ್ನು ಕಟ್ಟಿದವರಲ್ಲಿ ಪ್ರಮುಖರು ಪಿ.ವಿ. ಸತೀಶ್. ಅವರು ಹುಟ್ಟಿದ್ದು 1945ರಲ್ಲಿ ಮೈಸೂರಿನಲ್ಲಿ; ಹೆಸರಿನ ಮೊದಲ ಅಕ್ಷರ ನಿಂತಿರುವುದು ಪಿರಿಯಾಪಟ್ಟಣಕ್ಕೆ. ದೂರದರ್ಶನದಲ್ಲಿ ಕೆಲಸ ಮಾಡಿದ್ದ ಅವರು 2023ರ ಮಾರ್ಚಿನಲ್ಲಿ ತೀರಿಕೊಳ್ಳುವವರೆಗೂ ಸಿರಿಧಾನ್ಯ ಮತ್ತು ಅದನ್ನು ಬೆಳೆಯುವ ಹೆಂಗಸರ ಪರವಾಗಿ ಮಾತಾಡಿದರು.

ಜಹೀರಾಬಾದ್ ಆಗ ಸೇರಿದ್ದ ಆಂಧ್ರದಲ್ಲಿ 1983ರಿಂದ ಕೆ.ಜಿ.ಗೆ 2 ರೂಪಾಯಿಯ ಅಕ್ಕಿ ಬಂದಾಗ ಜೋಳದ ಈ ಸೀಮೆಯ ಹೊಲಗಳು ಪಾಳು ಬಿದ್ದವು. ಬಡವರಿಗೆ ಸಿಕ್ಕಿದ್ದ ಆ ಕಲ್ಲುಭೂಮಿಯಲ್ಲಿ ಭತ್ತ ಬರುವುದಿಲ್ಲ, ಜೋಳ ಬಂದರೆ ಕೊಳ್ಳುವವರಿಲ್ಲ. 1990ರ ದಶಕದ ನಡುವಿನಲ್ಲಿ ಸಂಸ್ಥೆಯ ಹಳ್ಳಿ ಸಂಘಗಳ ಹೆಂಗಸರು ಸುಮಾರು 30 ಹಳ್ಳಿಗಳಲ್ಲಿ ತಮ್ಮದೇ ಪಡಿತರವನ್ನು ಆರಂಭಿಸಿದರು. ಪಾಳು ಹೊಲವನ್ನು ಉತ್ತು, ಗೊಬ್ಬರ ಹಾಕಿ ಜೋಳ ಬಿತ್ತಲು ಸಾಲ ಕೊಟ್ಟರು. ಸಾಲ ತೀರಿಸಬೇಕಾದದ್ದು ಹಣದಲ್ಲಿ ಅಲ್ಲ, ಜೋಳದಲ್ಲಿ, ಹಲವು ವರ್ಷಗಳ ಕಂತಿನಲ್ಲಿ. ಬಂದ ಜೋಳ ಊರಿನಲ್ಲೇ ಉಳಿಯಿತು. ಗೋದಾಮು ಊರಿನದು, ಬೀಗದ ಕೈ ಹೆಂಗಸರದು. ಬೂದಿ, ಬೇವಿನ ಸೊಪ್ಪು ಬೆರೆಸಿ ದಾಸ್ತಾನು ಮಾಡುವುದು ಅವರಿಗೆ ಯಾರೂ ಕಲಿಸಬೇಕಾದ ವಿದ್ಯೆಯಲ್ಲ. ಜೊತೆಗೆ ಜೋಳದ ದಂಟು ದನಕ್ಕಾಯಿತು, ಹೊಲದ ಕೆಲಸದಲ್ಲಿ ಕೂಲಿ ಸಿಕ್ಕಿತು. ಸಂಸ್ಥೆಯ ಒಟ್ಟು ಕೆಲಸಕ್ಕೆ 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು.

ಯಾರಿಗೆ ಕಾರ್ಡು ಎಂಬುದನ್ನು ತಾಲ್ಲೂಕು ಕಚೇರಿ ತೀರ್ಮಾನಿಸಲಿಲ್ಲ. ಊರಿನ ಬಯಲಿನಲ್ಲಿ ಎಲ್ಲರೂ ಸೇರಿ ರಂಗೋಲಿ ಪುಡಿಯಿಂದ ನೆಲದ ಮೇಲೆ ತಮ್ಮ ಊರಿನ ನಕ್ಷೆ ಬಿಡಿಸಿದರು, ಒಂದೊಂದು ಮನೆಗೆ ಒಂದೊಂದು ಗುರುತು. ಈ ಮನೆಯಲ್ಲಿ ದುಡಿಯುವ ಕೈ ಎಷ್ಟು, ಆ ಮನೆಯಲ್ಲಿ ವಿಧವೆ ಒಬ್ಬಳೇ ಇದ್ದಾಳೋ, ಇನ್ನೊಂದು ಮನೆಗೆ ಎತ್ತಿದೆಯೋ ಎಂದು ಎದುರೆದುರೇ ಮಾತಾಡಿ ಬಡತನದ ಮೆಟ್ಟಿಲುಗಳನ್ನು ಗುರುತಿಸಿದರು. ತಪ್ಪಾಗಿ ಮೇಲೆ ಕೂತ ಮನೆಯನ್ನು ಅಲ್ಲೇ ಕೆಳಗಿಳಿಸಿ ಬರೆದರು. ಎಲ್ಲಕ್ಕಿಂತ ಬಡ ಮನೆಗೆ ಎಲ್ಲಕ್ಕಿಂತ ಹೆಚ್ಚು ಜೋಳ. ಕಾರ್ಡಿನಲ್ಲಿ ಬರೆದಷ್ಟನ್ನು ಮಳೆಗಾಲದ ತಿಂಗಳುಗಳಲ್ಲಿ, ಹಳೆಯ ಕಾಳು ಮುಗಿದು ಹೊಸ ಬೆಳೆ ಇನ್ನೂ ಹೊಲದಲ್ಲಿರುವ ಹೊತ್ತಿಗೆ, ಸಂಘದ ಹೆಂಗಸರು ಗೋದಾಮಿನ ಬಾಗಿಲು ತೆಗೆದು ಕಡಿಮೆ ಬೆಲೆಗೆ ಅಳೆದು ಕೊಡುತ್ತಿದ್ದರು.